ನಗು ಮುಗಿಯುವವರೆಗೆ

ಲೆನೋರಾ ಟಾಲಿವರ್ ಮತ್ತೆ ನಿಂತಳು. ಹೇಳಬೇಕಾದ ಮಾತು ಹೇಳಿ, ಕೈಯಲ್ಲಿದ್ದ ಗಂಡಸಿನ ಅಂಗಿಯನ್ನು ಮಡಿಸುತ್ತಾ ಸುಮ್ಮನೆ ನಿಂತೇಬಿಟ್ಟಳು. ಇದು ಆರನೇ ಸಲ.

"ಕಟ್!" ನಿರ್ದೇಶಕ ಹೆಲ್‌ಮನ್ ಟೋಪಿ ಕಿತ್ತು ನೆಲಕ್ಕೆ ಬಡಿದ. "ಯಾರಿಗೆ ಕಾಯ್ತಾ ಇದ್ದೀರಿ ಮೇಡಂ? ಬಸ್ಸಿಗಾ?"

"ನಗುವಿಗೆ," ಎಂದಳು ಲೆನೋರಾ.

ಅವಳನ್ನು ಬೈದು ಪ್ರಯೋಜನವಿಲ್ಲ. ನ್ಯೂಯಾರ್ಕಿನಲ್ಲಿ ರಂಗದ ಮೇಲೆ ಇದೇ ಪಾತ್ರವನ್ನು ಮುನ್ನೂರ ಎಂಬತ್ತು ಸಲ ಮಾಡಿದವಳು ಅವಳು. ನಾಟಕ ಬರೆದವನು ಅವಳ ಗಂಡ ಆಂಬ್ರೋಸ್. ಕೊನೆಯ ದೃಶ್ಯದಲ್ಲಿ ಕ್ಷಯ ಹಿಡಿದ ವಿಲ್ ಎಂಬವನು ಆಸ್ಪತ್ರೆಗೆ ಹೊರಟಿರುತ್ತಾನೆ. ಅವನು ಮರಳಿ ಬರುವವನಲ್ಲ ಎಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತು. ಪೆಟ್ಟಿಗೆಗೆ ಬಟ್ಟೆ ತುಂಬುತ್ತಿರುವ ಹೆಂಡತಿಯನ್ನು, "ನಾನು ಹೋದ್ಮೇಲೆ ಇನ್ನೊಂದು ಮದುವೆ ಆಗ್ತೀಯಾ?" ಎಂದು ಕೇಳುತ್ತಾನೆ. "ಈ ವಯಸ್ಸಲ್ಲಿ ಇನ್ನೊಬ್ಬನ ಗೊರಕೆ ಅಭ್ಯಾಸ ಮಾಡ್ಕೊಳ್ಳೋದು ನನ್ನ ಕೈಲಾಗಲ್ಲಪ್ಪ," ಎನ್ನುತ್ತಾಳೆ ಅವಳು. ಜನ ಬಿದ್ದು ಬಿದ್ದು ನಗುತ್ತಿದ್ದರು. ಆ ನಗು ಪೂರ್ತಿ ಅಡಗುವವರೆಗೆ ಲೆನೋರಾ ಅಂಗಿ ಮಡಿಸುತ್ತಾ ನಿಲ್ಲುತ್ತಿದ್ದಳು. ಆಮೇಲೆ ಮೆಲ್ಲಗೆ, "ನಿನ್ನ ಗೊರಕೆ ಇಲ್ದೆ ನಂಗೆ ನಿದ್ದೆ ಬರಲ್ಲ, ವಿಲ್." ಆಗ ಇಡೀ ಥಿಯೇಟರು ಉಸಿರು ಬಿಗಿಹಿಡಿದು ಕೂರುತ್ತಿತ್ತು.

ಆಂಬ್ರೋಸ್ ಪ್ರತಿ ಆಟದಲ್ಲೂ ಕೊನೆಯ ಸಾಲಿನ ಹಿಂದೆ ಗೋಡೆಗೆ ಒರಗಿ ನಿಂತು ಆ ನಗುವನ್ನು ಎಣಿಸುತ್ತಿದ್ದ. ಒಳ್ಳೆಯ ದಿನ ಹನ್ನೊಂದರವರೆಗೆ ಬರುತ್ತಿತ್ತು, ಮಳೆ ಬಂದ ದಿನ ಏಳಕ್ಕೇ ನಿಲ್ಲುತ್ತಿತ್ತು. ಕೆಮ್ಮಿನಲ್ಲಿ ಮೊದಲ ಸಲ ರಕ್ತ ಕಂಡ ವಾರ ಅವನು ಬರೆದ ದೃಶ್ಯ ಅದು. ಗೊರಕೆ ಅವನದೇ, ಮಾತು ಅವಳದೇ. "ನಿನ್ನ ಬಾಯಿಂದಾನೇ ಕದ್ದೆ ಕಣೇ," ಎಂದು ನಗುತ್ತಿದ್ದ. ಕಳೆದ ಚಳಿಗಾಲದಲ್ಲಿ ತೀರಿಕೊಂಡ. ಪರದೆ ಬಿದ್ದ ಮೇಲೆ ನಾಟಕದಲ್ಲಿ ಏನು ಉಳಿಯುತ್ತದೆ? ಸಿನಿಮಾ ಆದರೆ ಉಳಿಯುತ್ತದೆ. ಅವನ ಆ ಒಂದು ಮಾತು ಉಳಿಯಲಿ ಎಂದೇ ಲೆನೋರಾ ನಾಲ್ಕು ದಿನ ರೈಲಿನಲ್ಲಿ ಕೂತು ಹಾಲಿವುಡ್‌ಗೆ ಬಂದಿದ್ದಳು.

"ಇಲ್ಲಿ ನಗೋಕೆ ಯಾರಿದ್ದಾರೆ ಮೇಡಂ?" ಎಂದ ಹೆಲ್‌ಮನ್.

ಲೆನೋರಾ ಮೇಲೆ ಕೈ ತೋರಿಸಿದಳು. ಅಟ್ಟಣೆಯ ಮೇಲೆ ದೀಪದ ಪಕ್ಕ ಕೂತಿದ್ದ ದಢೂತಿ ಮನುಷ್ಯ ಬಾಯಿಗೆ ಕರವಸ್ತ್ರ ತುರುಕಿಕೊಂಡು ಭುಜ ಕುಣಿಸುತ್ತಿದ್ದ. ಮೈಕಿಗೆ ಕೇಳಿಸುವಂತೆ ಸೀನಿದರೂ ಕೆಲಸ ಹೋಗುವ ಜಾಗ ಅದು.

"ನೋಡಿ, ಅವನು ನಗ್ತಾ ಇದ್ದಾನೆ."

"ಹಾಗಾದ್ರೆ ಅವನನ್ನ ಆಚೆ ಕಳಿಸ್ತೀನಿ, ಆಯ್ತಾ? ಇದು ನಾಟಕ ಅಲ್ಲ ತಾಯಿ. ಇಷ್ಟು ಹೊತ್ತು ನೀವು ಸುಮ್ನೆ ನಿಂತ್ರೆ, ರೀಲು ಸಿಕ್ಕಾಕ್ಕೊಂಡಿದೆ ಅಂತ ಜನ ಶಿಳ್ಳೆ ಹೊಡೀತಾರೆ."

"ಅದೇ ಜನ ನಗಲ್ವಾ?"

ಹೆಲ್‌ಮನ್ ಹತ್ತಿರ ಬಂದು ದನಿ ತಗ್ಗಿಸಿದ. ಕೆಟ್ಟವನಲ್ಲ ಅವನು, ಆದರೆ ಅವಸರದವನು. "ಸ್ಟುಡಿಯೋದವರು ಇನ್ನೊಬ್ಬ ನಟೀನ ನೋಡಿಟ್ಟಿದ್ದಾರೆ. ಮಧ್ಯಾಹ್ನದೊಳಗೆ ಈ ದೃಶ್ಯ ಮುಗೀಲಿಲ್ಲ ಅಂದ್ರೆ ನಿಮ್ಮನ್ನ ಉಳಿಸ್ಕೊಳ್ಳೋದು ನನ್ನಿಂದಾಗಲ್ಲ."

ಮುಂದಿನ ಸಲ ಲೆನೋರಾ ಕಾಯಲಿಲ್ಲ. ಗೊರಕೆಯ ಮಾತಿಗೆ ನಿದ್ದೆಯ ಮಾತನ್ನು ಅಂಟಿಸಿ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೆ ಮಾತ್ರ ಆಂಬ್ರೋಸ್‌ನ ಎದುರೇ ಸುಳ್ಳು ಹೇಳಿದಷ್ಟು ನಾಚಿಕೆಯಾಯಿತು. ಸಿನಿಮಾದವರ ಲೆಕ್ಕವೇ ತಲೆಕೆಳಗು, ಕೊನೆಯ ದೃಶ್ಯವನ್ನು ಮೊದಲು ತೆಗೆಯುತ್ತಾರೆ. ಅಂದು ಸಂಜೆಯೇ ಬಡಗಿಗಳು ವಿಲ್‌ನ ಮನೆಯನ್ನು ಕಿತ್ತು ಹಾಕಿದರು.

ಮೂರು ತಿಂಗಳ ನಂತರ ಹಾಲಿವುಡ್ ಹತ್ತಿರದ ಪಾಸಡೀನಾ ಊರಿನ ಒಂದು ಥಿಯೇಟರಿನಲ್ಲಿ, ಊರಿಗೆಲ್ಲ ಡಂಗುರ ಹೊಡೆಯದೆ, ಚಿತ್ರವನ್ನು ಜನರಿಗೆ ತೋರಿಸಿ ನೋಡಿದರು. ಲೆನೋರಾಗೆ ಮುಂದೆ ಕುರ್ಚಿ ಇಟ್ಟಿದ್ದರು. ಅವಳು ಕೂರದೆ ಕೊನೆಯ ಸಾಲಿನ ಹಿಂದೆ ಗೋಡೆಗೆ ಒರಗಿ ನಿಂತಳು.

ಗೊರಕೆಯ ಮಾತು ಬಂತು. ಥಿಯೇಟರು ಹೋ ಎಂದು ನಕ್ಕಿತು. ನ್ಯೂಯಾರ್ಕಿನಲ್ಲೂ ಇಷ್ಟು ದೊಡ್ಡ ನಗು ಬಂದಿರಲಿಲ್ಲ. ಒಂದು, ಎರಡು ಎಂದು ಲೆನೋರಾ ಎಣಿಸತೊಡಗಿದಳು. ಆಗಲೇ ಪರದೆಯ ಮೇಲಿನ ಅವಳ ತುಟಿ ಅಲ್ಲಾಡುತ್ತಿತ್ತು. ಮೂರಕ್ಕೆ ನಿಂತಿತು. ಒಂದಕ್ಷರವೂ ಕೇಳಿಸಲಿಲ್ಲ. ಎಂಟಕ್ಕೆ ವಿಲ್ ಪೆಟ್ಟಿಗೆ ಎತ್ತಿಕೊಂಡು ಬಾಗಿಲು ದಾಟಿದ. ಅವನು ಸಾಯಲು ಹೋಗುತ್ತಿದ್ದಾಗಲೂ ಜನ ಕಣ್ಣೊರೆಸಿಕೊಂಡು ನಗುತ್ತಿದ್ದರು. ಹನ್ನೊಂದಕ್ಕೆ ನಗು ಅಡಗಿತು, ಅಷ್ಟರಲ್ಲಿ ಬಾಗಿಲು ಮುಚ್ಚಿಯಾಗಿತ್ತು.

ಹೊರಗಿನ ಹಜಾರದಲ್ಲಿ ಹೆಲ್‌ಮನ್ ಅವಳನ್ನು ಹುಡುಕಿಕೊಂಡು ಬಂದ.

"ನೀವು ಹೇಳಿದ್ದೇ ಸರಿ ಮೇಡಂ."

"ಮತ್ತೆ ತೆಗೀಬಹುದಲ್ಲ? ಅದೊಂದು ದೃಶ್ಯ. ದುಡ್ಡು ಬೇಡ ನಂಗೆ."

"ಮನೆ ಎಲ್ಲಿದೆ? ಸೌದೆ ಆಗಿಹೋಯ್ತು. ಮಾಲೀಕರು ಬೇರೆ ಆ ನಗು ಕೇಳಿ ಕುಣೀತಾ ಇದ್ದಾರೆ. ಅದನ್ನ ಮುಟ್ಟೋಕೂ ಬಿಡಲ್ಲ." ಅವನು ತಲೆ ತಗ್ಗಿಸಿದ. "ನನ್ನನ್ನ ಬೈದುಬಿಡಿ."

"ನಿಮ್ಮನ್ಯಾಕೆ ಬೈಲಿ? ಬಾಯಿ ನಂದು ತಾನೇ," ಎಂದಳು ಲೆನೋರಾ.

ಬಾಗಿಲ ಬಳಿ ಮೇಜಿನ ಮೇಲೆ ಪ್ರೇಕ್ಷಕರ ಅಭಿಪ್ರಾಯ ಕೇಳುವ ಚೀಟಿಗಳಿದ್ದವು, ದಾರ ಕಟ್ಟಿದ ಪೆನ್ಸಿಲ್ ಇತ್ತು. ಜನ ಇನ್ನೂ ಗೊರಕೆಯ ಮಾತನ್ನೇ ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಾ ಗೀಚುತ್ತಿದ್ದರು. ಲೆನೋರಾ ತನ್ನ ಸರದಿ ಬರುವವರೆಗೆ ನಿಂತು ಒಂದು ಚೀಟಿ ತೆಗೆದುಕೊಂಡಳು. ನಾಲ್ಕನೆಯ ಪ್ರಶ್ನೆ: ಯಾವುದಾದರೂ ಮಾತು ಸರಿಯಾಗಿ ಕೇಳಿಸಲಿಲ್ಲವೇ?

"ನಿನ್ನ ಗೊರಕೆ ಇಲ್ದೆ ನಂಗೆ ನಿದ್ದೆ ಬರಲ್ಲ, ವಿಲ್," ಎಂದು ಬರೆದಳು. ವಿಲ್ ಎಂಬುದನ್ನು ಹೊಡೆದು ಹಾಕಿ ಆಂಬ್ರೋಸ್ ಎಂದು ತಿದ್ದಿದಳು. ಕೆಳಗೆ ಸ್ವಲ್ಪ ಜಾಗ ಉಳಿದಿತ್ತು. ಅಲ್ಲಿ, "ನಾನು ಕಾಯಬೇಕಿತ್ತು," ಎಂದು ಬರೆದು, ಚೀಟಿ ಮಡಿಸಿ, ಉಳಿದವರಂತೆಯೇ ಡಬ್ಬಿಯೊಳಗೆ ಹಾಕಿದಳು.