ಪ್ಲಗ್ಗು ಕಿತ್ತವಳು ಬರೆದ ಪ್ರಕಟಣೆ

ಆ ಮಕ್ಕಳ ಆಸ್ಪತ್ರೆಯಲ್ಲಿ ಅವಳನ್ನು ಎದುರಿಗೆ ‘ಪ್ರಕಟಣೆ ಮೇಡಂ’ ಎನ್ನುತ್ತಿದ್ದರು, ಬೆನ್ನ ಹಿಂದೆ ಬರೀ ‘ಪ್ರಕಟಣೆ’. ಆಸ್ಪತ್ರೆಯ ಒಳ್ಳೆಯ ಹೆಸರು ಕಾಯುವುದೇ ಅವಳ ಕೆಲಸ. ಲಿಫ್ಟು ಕೆಟ್ಟರೆ, ಡಾಕ್ಟರು ಬರುವುದು ತಡವಾದರೆ, ವಾರ್ಡಿನ ಗೋಡೆ ಸೋರಿದರೆ, ಜನಕ್ಕೆ ತಿಳಿಸುವ ಹಾಳೆ ಅವಳ ಮೇಜಿನಿಂದಲೇ ಹೊರಡಬೇಕು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವಳದು ಎತ್ತಿದ ಕೈ. ಒಮ್ಮೆ ನೀರಿನ ಟ್ಯಾಂಕು ತೊಳೆಸುವುದನ್ನು ಮರೆತು ಎರಡು ದಿನ ನಲ್ಲಿ ನಿಲ್ಲಿಸಬೇಕಾಯಿತು. ಅವಳು ‘ನಿಮ್ಮ ಆರೋಗ್ಯದ ಹಿತದೃಷ್ಟಿಯಿಂದ’ ಎಂದು ಶುರುಮಾಡಿ ಎಂಥ ಪ್ರಕಟಣೆ ಬರೆದಳೆಂದರೆ, ಬಾಯಾರಿ ಬಂದವರು ಅದನ್ನು ಓದಿ ಥ್ಯಾಂಕ್ಸ್ ಹೇಳಿ ಹೋದರು. ಆ ದಿನ ಅವಳಿಗೆ ತನ್ನ ಬಗ್ಗೆ ತನಗೇ ಬಹಳ ಹೆಮ್ಮೆಯಾಗಿತ್ತು, ಅದನ್ನೂ ಇಲ್ಲಿ ಹೇಳಿಬಿಡಬೇಕು.

ಈ ವರ್ಷ ಆಸ್ಪತ್ರೆಗೆ ಇಪ್ಪತ್ತೈದು ತುಂಬಿತ್ತು. ಬೆಳ್ಳಿಹಬ್ಬಕ್ಕೆಂದು ಬಣ್ಣದ ಪುಸ್ತಕವೊಂದನ್ನು ತರುವ ಹೊಣೆ ಅವಳದು. ಒಂದು ಶನಿವಾರ ಮಧ್ಯಾಹ್ನ, ಮಕ್ಕಳೆಲ್ಲ ಹೋದ ಮೇಲೆ, ಫೋಟೊಗ್ರಾಫರನನ್ನು ಕರೆದುಕೊಂಡು ಲಸಿಕೆ ಕೊಠಡಿಗೆ ಹೋದಳು. ಅಲ್ಲಿನ ದೊಡ್ಡ ಬಿಳಿ ಫ್ರಿಜ್ಜು ಪುಸ್ತಕದ ಮೂರನೆಯ ಪುಟಕ್ಕೆ ಬರಬೇಕಿತ್ತು. ಫೋಟೊದವನ ದೀಪಕ್ಕೆ ಕರೆಂಟು ಬೇಕು, ಗೋಡೆಯಲ್ಲಿ ಇರುವುದು ಒಂದೇ ಸಾಕೆಟ್ಟು. ‘ಎರಡೇ ನಿಮಿಷ’ ಎಂದು ಅವಳೇ ಬಗ್ಗಿ ಫ್ರಿಜ್ಜಿನ ಪ್ಲಗ್ಗು ಕಿತ್ತಳು. ಫೋಟೊ ಚೆನ್ನಾಗಿ ಬಂತು. ದೀಪ ಮಡಚಿದರು, ಬಾಗಿಲಿಗೆ ಬೀಗ ಹಾಕಿದರು, ಬೀಗ ಸರಿಯಾಗಿ ಬಿತ್ತೇ ಎಂದು ಅವಳು ಎರಡು ಸಲ ಎಳೆದೂ ನೋಡಿದಳು. ಪ್ಲಗ್ಗು ಮಾತ್ರ ನೆಲದ ಮೇಲೇ ಉಳಿಯಿತು.

ಭಾನುವಾರ ಆಸ್ಪತ್ರೆಯ ಆ ಭಾಗಕ್ಕೆ ರಜೆ. ಸಂಜೆ ಸುತ್ತು ಬಂದ ಕಾವಲುಗಾರ ಕಿಟಕಿಯಿಂದ ಪ್ಲಗ್ಗು ಬಿದ್ದಿದ್ದನ್ನು ಕಂಡು, ಬೀಗ ತೆಗೆದು ಒಳಗೆ ಹೋಗಿ ಹಾಕಿ, ಒಂದು ಒಳ್ಳೆಯ ಕೆಲಸ ಮಾಡಿದೆನೆಂದು ಯಾರಿಗೂ ಹೇಳದೆ ಮನೆಗೆ ಹೋದ. ಸೋಮವಾರ ಬೆಳಿಗ್ಗೆ ಫ್ರಿಜ್ಜು ಮತ್ತೆ ತಣ್ಣಗಾಗಿತ್ತು. ಬದಲಿಗೆ ಬಂದಿದ್ದ ನರ್ಸು ಬಾಗಿಲ ಮೇಲಿನ ಅಂಕಿ ನೋಡಿ ‘ನಾಲ್ಕು ಡಿಗ್ರಿ’ ಎಂದು ಪುಸ್ತಕದಲ್ಲಿ ಬರೆದಳು. ಅದು ಸುಳ್ಳೂ ಆಗಿರಲಿಲ್ಲ. ಆ ದಿನ, ಮಾರನೆಯ ದಿನ ಸೇರಿ ನಲವತ್ತಮೂರು ಮಕ್ಕಳಿಗೆ ಲಸಿಕೆ ಹಾಕಿದರು.

ಬುಧವಾರ ರಜೆ ಮುಗಿಸಿ ಲಸಿಕೆ ಸಿಸ್ಟರ್ ಬಂದರು. ಆಸ್ಪತ್ರೆಯ ಮೊದಲ ದಿನದಿಂದ ಆ ಕೊಠಡಿಯಲ್ಲೇ ಇದ್ದವರು. ಹೊರಗೆ ಹೋಗಿ ಬಂದಾಗಲೆಲ್ಲ ಅವರು ಮೊದಲು ಮಾಡುವ ಕೆಲಸ ಒಂದೇ: ಫ್ರಿಜ್ಜಿನೊಳಗಿರುವ ಪುಟ್ಟ ಯಂತ್ರದ ಗುಂಡಿ ಒತ್ತುವುದು. ತಾವಿಲ್ಲದಾಗ ಒಳಗಿನ ಬಿಸಿ ಎಲ್ಲಿಯವರೆಗೆ ಏರಿತ್ತೆಂದು ಅದು ನೆನಪಿಟ್ಟು ಹೇಳುತ್ತದೆ. ‘ಈಗ ಎಷ್ಟಿದೆ ಅಂತ ಎಲ್ರೂ ನೋಡ್ತಾರೆ, ನಡುವೆ ಎಷ್ಟಿತ್ತು ಅಂತ ನಾನು ನೋಡ್ತೀನಿ’ ಎಂಬುದು ಅವರ ಮಾತು. ಗುಂಡಿ ಒತ್ತಿದರು. ಇಪ್ಪತ್ತೊಂದು ಎಂದಿತು.

ಅರ್ಧ ಗಂಟೆಯಲ್ಲಿ ದೊಡ್ಡ ಡಾಕ್ಟರ ಕೋಣೆಯಲ್ಲಿ ಎಲ್ಲರೂ ಸೇರಿದರು. ಕಾವಲುಗಾರ ಬಂದು, ‘ನಾನೇ ಹಾಕಿದ್ದು ಸರ್’ ಎಂದು ಎದೆಯುಬ್ಬಿಸಿ ಹೇಳಿ, ಯಾರೂ ಶಭಾಷ್ ಎನ್ನದ್ದಕ್ಕೆ ಬೇಜಾರಾಗಿ ಹೋದ. ದೊಡ್ಡ ಡಾಕ್ಟರು ಲಸಿಕೆ ಕಳಿಸುವವರಿಗೆ ಫೋನು ಮಾಡಿ ವಿಚಾರಿಸಿದರು. ಬಿಸಿಯೇರಿದ ಲಸಿಕೆಯಿಂದ ಮಕ್ಕಳಿಗೆ ಕೆಡುಕೇನೂ ಇಲ್ಲ, ಆದರೆ ಅದು ಕೆಲಸ ಮಾಡುತ್ತದೆಂದು ನಂಬುವ ಹಾಗಿಲ್ಲ, ಮತ್ತೊಮ್ಮೆ ಹಾಕಬೇಕು.

‘ನೆಲ ಒರೆಸೋವಾಗ ಕಿತ್ತಿರ್ತಾರೆ, ಇನ್ನೇನು,’ ಎಂದರು ಡಾಕ್ಟರು, ಹಣೆ ತಿಕ್ಕಿಕೊಳ್ಳುತ್ತ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗಾಗಬಾರದೆಂದು ಪ್ರಕಟಣೆ ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಕೈ ಸುಮ್ಮನಿತ್ತು, ಬಾಯಿ ಸುಮ್ಮನಿರಲಿಲ್ಲ. ‘ಸರ್, ಬೆಳ್ಳಿಹಬ್ಬದ ಕೊಡುಗೆ ಅಂತ ಮಾಡೋಣ. ನಲವತ್ತಮೂರು ಮಕ್ಕಳಿಗೆ ಒಂದು ಹೆಚ್ಚಿನ ಡೋಸು, ಉಚಿತ. ಜೊತೆಗೊಂದು ಬೊಂಬೆ ಕೊಡೋಣ. ಮಕ್ಕಳಿಗೆ ಲಸಿಕೆನೂ ಆಗುತ್ತೆ, ನಮ್ಮ ಹೆಸರೂ ಉಳಿಯುತ್ತೆ.’

ಹಾವೂ ಸಾಯದ, ಕೋಲೂ ಮುರಿಯದ ಉಪಾಯ. ದೊಡ್ಡ ಡಾಕ್ಟರ ಮುಖ ಅರಳಿತು. ಒಳ್ಳೆಯ ಮನುಷ್ಯ, ಆದರೆ ಅಂಜುಬುರುಕ. ಅವರ ಆಸ್ಪತ್ರೆ ನಿಂತಿರುವುದೇ ತಾಯಂದಿರ ಬಾಯಿಮಾತಿನ ಮೇಲೆ.

‘ಅಲ್ಲಮ್ಮ, ಸೂಜಿ ಹಿಡಿಯೋ ಕೈ ನಂದು,’ ಎಂದರು ಸಿಸ್ಟರ್. ‘ಏನು ಚುಚ್ತಿದೀನಿ, ಯಾಕೆ ಚುಚ್ತಿದೀನಿ ಅಂತ ತಾಯಿಗೆ ಹೇಳ್ದೆ ಇಲ್ಲೀತನಕ ಒಂದು ಮಗೂಗೂ ಚುಚ್ಚಿಲ್ಲ. ಈಗ ಯಾಕೆ ಅಂತ ಕೇಳಿದ್ರೆ ಏನ್ ಹೇಳ್ಲಿ, ಹಬ್ಬ ಅಂತ ಹೇಳ್ಲಾ?’ ಸಿಸ್ಟರ್ ಮುಂದುವರಿಸಿದರು: ‘ಇನ್ನೊಂದು ಯೋಚನೆ ಮಾಡಿ. ಕೊಡುಗೆ ಅಂದ್ರೆ ಎಷ್ಟು ಜನ ಬರ್ತಾರೆ? ಅರ್ಧ ಜನ, ನಮ್ಮ ಮಗೂಗೆ ಒಂದು ಸಲ ಆಗಿದೆ, ಪಾಪ ಮತ್ತೆ ಯಾಕೆ ಅಳಿಸೋದು ಅಂತಾರೆ. ಅವರು ಹಾಗಂದ್ರೆ ತಪ್ಪಲ್ಲ. ಆದರೆ ಆ ಮಕ್ಕಳ ಗತಿ?’

‘ನಾಳೆ ಹತ್ತು ಗಂಟೆಗೆ ತೀರ್ಮಾನ ಮಾಡೋಣ,’ ಎಂದು ಡಾಕ್ಟರು ಎದ್ದರು.

ಅವಳು ತನ್ನ ಕೋಣೆಗೆ ಬಂದು ಶನಿವಾರದ ಫೋಟೊ ತೆರೆದಳು. ಫ್ರಿಜ್ಜು ಫಳಫಳ ಹೊಳೆಯುತ್ತಿತ್ತು. ಅದರ ಕಾಲ ಬಳಿ, ಕರಿಯ ಬಾಲ ಚಾಚಿಕೊಂಡು, ಪ್ಲಗ್ಗು ಸ್ಪಷ್ಟವಾಗಿ ಕಾಣುತ್ತಿತ್ತು. ಕೆಳಗೆ ಅವಳೇ ಬರೆದ ಸಾಲು: ‘ಇಪ್ಪತ್ನಾಲ್ಕು ಗಂಟೆಯೂ ಎಚ್ಚರ.’ ಅವಳಿಗೆ ನಗು ಬರಲಿಲ್ಲ.

ಆ ನಲವತ್ತಮೂರು ಮಕ್ಕಳ ಪಟ್ಟಿಯಲ್ಲಿ ಹತ್ತೊಂಬತ್ತನೆಯ ಮಗು ಅವಳ ಅಣ್ಣನ ಮಗಳು, ಮೂರೂವರೆ ತಿಂಗಳ ಚಿನ್ನಿ. ಅತ್ತಿಗೆ ಮನೆಯ ಹತ್ತಿರದ ಆಸ್ಪತ್ರೆಗೇ ಹೋಗುವವರಿದ್ದರು. ‘ನಮ್ಮಲ್ಲಿಗೇ ಬನ್ನಿ ಅತ್ತಿಗೆ, ನಾನಿಲ್ವಾ?’ ಎಂದು ಕರೆದವಳು ಇವಳೇ. ಹಾಗಾಗಿ ಸಂಜೆ ಆರು ಗಂಟೆಗೆ ಅವಳು ಆ ಮನೆಯ ಮೆಟ್ಟಿಲು ಹತ್ತಿದಳು. ಚೀಲದಲ್ಲಿ ಒಂದು ಹಾಳೆ ಇತ್ತು. ಕೊಡುಗೆಯ ಮಾತು ಬಿಟ್ಟು, ಬೇರೊಂದು ಪ್ರಕಟಣೆಯನ್ನು ಬರೆದು ತಂದಿದ್ದಳು. ಮೊದಲು ಇಲ್ಲಿ ಓದಿ ನೋಡುವುದು ಎಂದುಕೊಂಡಿದ್ದಳು.

ಅತ್ತಿಗೆ ಮಗುವಿನ ಬಟ್ಟೆ ಮಡಚುತ್ತಿದ್ದರು. ಮಾತಿನಲ್ಲಿ ಚಾಕುವಿನಂಥವರು. ಇವಳು ಓದಿದಳು: ‘ಶೀತಲೀಕರಣ ವ್ಯವಸ್ಥೆಯಲ್ಲಿ ಉಂಟಾದ ತಾಂತ್ರಿಕ ವ್ಯತ್ಯಯದ ಹಿನ್ನೆಲೆಯಲ್ಲಿ…’

‘ಅಂದ್ರೆ?’

‘ಫ್ರಿಜ್ಜು ಆಫ್ ಆಗಿತ್ತು ಅತ್ತಿಗೆ.’

‘ಅದೇ ಆಫ್ ಆಯ್ತಾ, ಯಾರಾದ್ರೂ ಮಾಡಿದ್ರಾ?’

‘ಪ್ಲಗ್ಗು ತೆಗೆದಿತ್ತು.’

‘ಪ್ಲಗ್ಗು ತಾನೇ ತಾನಾಗಿ ಇಳಿದು ಬಂತಾ? ಯಾರು ತೆಗೆದಿದ್ದು ಅಂತ ಕೇಳ್ತಿದೀನಿ.’

ಹನ್ನೊಂದು ವರ್ಷದಿಂದ ಇಂಥ ಪ್ರಶ್ನೆಗಳ ಪಕ್ಕದಲ್ಲಿ ನುಸುಳಿ ಹೋಗುವುದನ್ನು ಅವಳು ಕಲಿತಿದ್ದಳು. ಅವತ್ತು ದಾರಿ ಸಿಗಲಿಲ್ಲ. ‘ನಾನು,’ ಎಂದಳು. ‘ಫೋಟೊ ತೆಗೆಸೋಕೆ. ಚಿನ್ನಿಗೆ ಹಾಕಿದ್ದೂ ಅದೇ ಲಸಿಕೆ. ತೊಂದರೆ ಇಲ್ಲ, ಆದ್ರೆ ಮತ್ತೆ ಹಾಕಿಸ್ಬೇಕು.’

ಅತ್ತಿಗೆ ಬಟ್ಟೆ ಮಡಚುವುದನ್ನು ನಿಲ್ಲಿಸಿದರು. ಬೈದಿದ್ದರೆ ಚೆನ್ನಾಗಿತ್ತು. ‘ನಿನ್ನ ಮಾತು ಕೇಳಿ ಬಂದೆ ನಾನು,’ ಎಂದಷ್ಟೇ ಅಂದು, ‘ಇವತ್ತು ಹೋಗು ನೀನು,’ ಎಂದರು.

ಮಾರನೆಯ ದಿನ ಹತ್ತು ಗಂಟೆಗೆ ಅವಳು ದೊಡ್ಡ ಡಾಕ್ಟರ ಮೇಜಿನ ಮೇಲೆ ಮೊದಲು ಫೋಟೊ ಇಟ್ಟಳು, ಆಮೇಲೆ ಹೊಸ ಹಾಳೆ ಇಟ್ಟಳು. ಅದರಲ್ಲಿ ಹೀಗಿತ್ತು:

‘ಕಳೆದ ಶನಿವಾರ ಫೋಟೊ ತೆಗೆಸುವ ದೀಪಕ್ಕಾಗಿ ನಮ್ಮ ಲಸಿಕೆ ಫ್ರಿಜ್ಜಿನ ಪ್ಲಗ್ಗು ಕಿತ್ತು, ಮತ್ತೆ ಹಾಕಲು ಮರೆತೆ. ಕಿತ್ತವಳು ಈ ಆಸ್ಪತ್ರೆಯ ಪ್ರಕಟಣೆಗಳನ್ನು ಬರೆಯುವ ನಾನು. ಭಾನುವಾರ ಸಂಜೆಯವರೆಗೂ ಫ್ರಿಜ್ಜು ನಿಂತಿತ್ತು. ಅದರಲ್ಲಿದ್ದ ಲಸಿಕೆಯನ್ನು ಸೋಮವಾರ, ಮಂಗಳವಾರ ನಲವತ್ತಮೂರು ಮಕ್ಕಳಿಗೆ ಹಾಕಿದ್ದೇವೆ. ಅದರಿಂದ ಮಗುವಿಗೆ ಕೆಡುಕಿಲ್ಲ. ಆದರೆ ಅದು ಮಗುವನ್ನು ಕಾಯುತ್ತದೆಂದು ನಾವು ಹೇಳಲಾರೆವು. ಮತ್ತೊಮ್ಮೆ ಹಾಕಲೇಬೇಕು. ಶನಿವಾರ ಬನ್ನಿ, ಆಗದಿದ್ದರೆ ನಿಮಗಾಗುವ ದಿನ ಹೇಳಿ. ಏನು ಕೇಳುವುದಿದ್ದರೂ ಕೆಳಗಿನ ನಂಬರಿಗೆ ಫೋನು ಮಾಡಿ. ಎತ್ತುವವಳೂ ನಾನೇ.’

ಡಾಕ್ಟರು ಎರಡು ಸಲ ಓದಿದರು. ‘ನೀವು ಅಂತ ಯಾಕೆ ಬರೀಬೇಕು? ನಮ್ಮ ಸಿಬ್ಬಂದಿ ಅಂತ ಹಾಕಿ, ಸಾಕು.’

‘ಸಿಬ್ಬಂದಿ ಅಂದ್ರೆ ನೆಲ ಒರೆಸೋರು ಅಂತ ನಿನ್ನೆ ನೀವೇ ಅಂದ್ಕೊಂಡ್ರಲ್ಲ ಸರ್.’

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನಂತರ ಹಾಳೆಯ ಕೊನೆಯಲ್ಲಿ ತಮ್ಮ ಸಹಿಯನ್ನೂ ಹಾಕಿದರು. ಆ ಸಹಿಗಾಗಿ ಅವಳು ಅವರನ್ನು ಇವತ್ತಿಗೂ ನೆನೆಯುತ್ತಾಳೆ. ಎಚ್ಚರಿಕೆಯ ಪತ್ರವೊಂದನ್ನೂ ಕೊಟ್ಟರು, ಅದು ಬೇರೆ ಮಾತು. ಅದನ್ನು ಬರೆದುಕೊಡಲು ಅವಳಿಗೇ ಹೇಳಿದರು. ಆಸ್ಪತ್ರೆಯಲ್ಲಿ ಚೆನ್ನಾಗಿ ಬರೆಯುವವರು ಬೇರೆ ಯಾರಿದ್ದರು!

ಹಾಳೆಯನ್ನು ಬಾಗಿಲಿಗೆ ಅಂಟಿಸುವ ಮುಂಚೆ ಅವಳು ನಲವತ್ತೆರಡು ಮನೆಗಳಿಗೂ ಒಂದೊಂದಾಗಿ ಫೋನು ಮಾಡಿದಳು. ಒಬ್ಬ ತಂದೆ ಕಾಲು ಗಂಟೆ ಉಗಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಒಬ್ಬ ತಾಯಿ ಯಾರೋ ಏನೋ ಮಾರಲು ಕರೆದಿದ್ದಾರೆಂದುಕೊಂಡು ಮೂರು ಸಲ ಫೋನಿಟ್ಟಳು. ಒಂದು ಮನೆಯಲ್ಲಿ ಎತ್ತಿದ ಅಜ್ಜನಿಗೆ ಎಲ್ಲ ಅರ್ಥವಾಯಿತು. ‘ನಮ್ಮವಳಿಗೂ ಒಂದ್ಸಲ ಹೇಳಿಬಿಡಮ್ಮ, ಅವಳಿಗೆ ಕಿವಿ ಸ್ವಲ್ಪ ದೂರ,’ ಎಂದು ಅಜ್ಜಿಗೆ ಕೊಟ್ಟ. ‘ಪ್ಲಗ್ಗು ಕಿತ್ತಿದ್ದು ನಾನೇ ಅಜ್ಜೀ!’ ಎಂದು ಅವಳು ಕಿರುಚಿದ್ದು ಮೂರು ಮಹಡಿಗೂ ಕೇಳಿಸಿತು. ‘ಹಾಗಿದ್ರೆ ಇನ್ಮೇಲೆ ಕೀಳಬೇಡ ಕಣಮ್ಮ,’ ಎಂದಿತು ಆ ಕಡೆಯ ದನಿ. ಇಡೀ ವಾರದಲ್ಲಿ ಅವಳಿಗೆ ಸಿಕ್ಕ ಅತಿ ಉಪಯುಕ್ತ ಸಲಹೆ ಅದೇ.

ಮಧ್ಯಾಹ್ನ ಪತ್ರಿಕೆಯವನೊಬ್ಬ ಫೋನು ಮಾಡಿ, ಇನ್ನೇನು ಮುಚ್ಚಿಟ್ಟಿದ್ದೀರಿ ಎಂದ. ‘ಇದ್ದಿದ್ದೆಲ್ಲ ಬಾಗಿಲಿಗೇ ಅಂಟಿಸಿದೀವಿ, ಬಂದು ನೋಡಿ,’ ಎಂದಳು. ಬಂದು ನೋಡಿದ, ಫ್ರಿಜ್ಜನ್ನೂ ತೆಗೆಸಿ ನೋಡಿದ. ಮಾರನೆಯ ದಿನ ಐದನೆಯ ಪುಟದಲ್ಲಿ ಬೆರಳುದ್ದದ ಸುದ್ದಿ ಬಂತು. ಕೆದಕಲು ಏನೂ ಇರದ ಕಡೆ ಅವನಾದರೂ ಎಷ್ಟು ಬರೆದಾನು.

ಅತ್ತಿಗೆ ಮಾತ್ರ ಫೋನು ಎತ್ತಲಿಲ್ಲ. ಅಣ್ಣ ಸಣ್ಣ ದನಿಯಲ್ಲಿ, ‘ಅವಳು ಬೇರೆ ಆಸ್ಪತ್ರೆ ವಿಚಾರಿಸ್ತಿದಾಳೆ ಕಣೆ,’ ಎಂದ.

ಶನಿವಾರ ಲಸಿಕೆ ಕೊಠಡಿಯ ಹೊರಗೆ ಬೆಳಿಗ್ಗೆ ಎಂಟಕ್ಕೇ ಸಾಲು ನಿಂತಿತು. ಅವಳು ಸಿಸ್ಟರ್ ಪಕ್ಕದಲ್ಲೇ ನಿಂತಿದ್ದಳು. ಬಂದ ಪ್ರತಿಯೊಬ್ಬರಿಗೂ ‘ಕಿತ್ತಿದ್ದು ನಾನು, ಕ್ಷಮಿಸಿ’ ಎಂದಳು. ಕೆಲವರು ಮುಖ ತಿರುಗಿಸಿದರು. ಉಗಿದಿದ್ದ ತಂದೆ ಬಂದು, ಇನ್ನೂ ಸ್ವಲ್ಪ ಉಳಿದಿತ್ತೆಂದು ಅದನ್ನೂ ಮುಗಿಸಿ, ಮಗುವಿಗೆ ಲಸಿಕೆ ಹಾಕಿಸಿ, ಹೋಗುವಾಗ ‘ಹೇಳಿದ್ರಲ್ಲ, ಅದು ಒಳ್ಳೇದಾಯ್ತು’ ಎಂದ. ಎರಡು ಮನೆಯವರು ಬೇರೆ ಕಡೆ ಹಾಕಿಸಿಕೊಂಡು, ಹಾಕಿಸಿದ್ದೇವೆ, ಕಾಯಬೇಡಿ ಎಂದು ಫೋನು ಮಾಡಿ ತಿಳಿಸಿದರು. ಅವಳಿಗೆ ಅವರ ಬಗ್ಗೆಯೂ ಕೃತಜ್ಞತೆ ಉಕ್ಕಿ ಬಂತು. ಮಗು ಎಲ್ಲಿ ಚುಚ್ಚಿಸಿಕೊಂಡರೇನು, ಅದಕ್ಕೆ ಕಾವಲು ಸಿಕ್ಕಿತಲ್ಲ.

ಹನ್ನೊಂದರ ಹೊತ್ತಿಗೆ ನೆಲ ಒರೆಸುವ ಹೆಂಗಸು ಅವಳಿಗೊಂದು ಲೋಟ ಚಹ ತಂದುಕೊಟ್ಟಳು. ಅದು ಅವಳ ಕೆಲಸವಲ್ಲ. ‘ಇಲ್ಲಿ ಏನೇ ಕಳೆದ್ರೂ, ಏನೇ ಮುರಿದ್ರೂ ಮೊದ್ಲು ನನ್ನನ್ನೇ ಕರೆದು ಕೇಳೋರು ಮೇಡಂ,’ ಎಂದಳು. ‘ಈ ಸಲ ಯಾರೂ ಕೇಳ್ಲಿಲ್ಲ.’ ಅಷ್ಟು ಹೇಳಿ ಬಕೆಟ್ಟು ಎತ್ತಿಕೊಂಡು ಹೋದಳು. ಬುಧವಾರ ಡಾಕ್ಟರು ನೆಲ ಒರೆಸುವವರ ಹೆಸರೆತ್ತಿದಾಗ ತಾನು ಅಲ್ಲವೆನ್ನದೆ ಕೂತಿದ್ದು ನೆನಪಾಗಿ ಪ್ರಕಟಣೆ ಲೋಟವನ್ನು ಕುಡಿಯದೆ ಕೆಳಗಿಟ್ಟಳು.

ಒಂದು ಗಂಟೆಗೆ ಪಟ್ಟಿಯಲ್ಲಿ ಹತ್ತೊಂಬತ್ತನೆಯ ಸಾಲು ಬಿಟ್ಟರೆ ಉಳಿದವೆಲ್ಲಕ್ಕೂ ಗುರುತು ಬಿದ್ದಿತ್ತು. ಸಿಸ್ಟರ್ ಕೈ ತೊಳೆದುಕೊಂಡರು, ಆದರೆ ಹೊಸದಾಗಿ ತರಿಸಿದ ಲಸಿಕೆಯ ಪೆಟ್ಟಿಗೆ ಮುಚ್ಚಲಿಲ್ಲ. ‘ಇನ್ನೂ ಸ್ವಲ್ಪ ಹೊತ್ತು ಕೂರೋಣಮ್ಮ, ನಂಗೇನು ಅವಸರ,’ ಎಂದರು.

ಒಂದೂವರೆಗೆ ಅತ್ತಿಗೆ ಬಂದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಇವಳ ಕಡೆ ನೋಡದೆ ಸಿಸ್ಟರ್‌ಗೆ ಹೇಳಿದರು: ‘ಮೂರು ಆಸ್ಪತ್ರೆಗೆ ಫೋನ್ ಮಾಡ್ದೆ ಸಿಸ್ಟರ್. ನಿಮ್ಮ ಫ್ರಿಜ್ಜು ಯಾವತ್ತಾದ್ರೂ ನಿಂತಿತ್ತಾ ಅಂತ ಕೇಳ್ದೆ. ಮೂರೂ ಕಡೆ, ಇಲ್ಲವೇ ಇಲ್ಲ, ನಮ್ಮಲ್ಲಿ ಹಾಗೆಲ್ಲ ಆಗೋದೇ ಇಲ್ಲ ಅಂದ್ರು. ಒಂದು ನಿಮಿಷ ಇರಿ, ನೋಡಿ ಹೇಳ್ತೀವಿ ಅಂತ ಒಬ್ರೂ ಅನ್ಲಿಲ್ಲ.’

ಸಿಸ್ಟರ್ ಎಂದಿನಂತೆ ಏನು ಹಾಕುತ್ತಿದ್ದೇನೆ, ಯಾಕೆ ಹಾಕುತ್ತಿದ್ದೇನೆ ಎಂದು ವಿವರಿಸಿದರು. ನಂತರ ಸೂಜಿ ಎತ್ತಿ, ‘ಮಗೂನ ಯಾರು ಹಿಡ್ಕೋತೀರಿ? ಗಟ್ಟಿಯಾಗಿ ಹಿಡೀಬೇಕು,’ ಎಂದರು.

ಅತ್ತಿಗೆ ತಿರುಗಿ ಚಿನ್ನಿಯನ್ನು ಇವಳ ಕೈಗೆ ಇಟ್ಟರು. ‘ಅವಳ ಸೋದರತ್ತೆ ಹಿಡ್ಕೋತಾಳೆ. ಈ ಸಲ ಸರಿಯಾಗಿ ಹಿಡ್ಕೋ, ಎಲ್ಲಾದ್ರೂ ಇಟ್ಟು ಮರೀಬೇಡ.’

ಅವಳು ಕೂತು, ಮಗುವಿನ ಪುಟ್ಟ ಕಾಲುಗಳನ್ನು ತೊಡೆಯ ನಡುವೆ ಅದುಮಿ, ತಲೆಯನ್ನು ಎದೆಗೆ ಒತ್ತಿಕೊಂಡಳು. ಸೂಜಿ ಇಳಿಯಿತು, ಚಿನ್ನಿ ಊರು ಹಾರಿಹೋಗುವಂತೆ ಕಿರುಚಿದಳು, ಹಿಡಿದವಳ ಕಣ್ಣಿಂದಲೂ ನೀರು ಸುರಿಯಿತು. ‘ಆಯ್ತು, ಬಿಡಿ ಈಗ,’ ಎಂದರು ಸಿಸ್ಟರ್. ಅವಳು ಇನ್ನೂ ಸ್ವಲ್ಪ ಹೊತ್ತು ಮಗುವನ್ನು ಬಿಡಲಿಲ್ಲ. ಅತ್ತಿಗೆಯೂ ಕೊಡು ಎನ್ನಲಿಲ್ಲ.