ಎರಡು ಪರದೆಯ ಒಗ್ಗಟ್ಟು

ಗ್ರಂಥಾಲಯದ ಕಂಪ್ಯೂಟರುಗಳನ್ನೆಲ್ಲ ಕಾಯುವವಳಿಗೆ ಎಲ್ಲರೂ ಇಟ್ಟ ಹೆಸರು ಸರ್ವರ್ ಅಕ್ಕ. ಅವಳ ಮೇಜಿನ ಮೇಲೆ ಎರಡು ಪರದೆ. ಎಡಗಡೆಯದು ಓದುವ ಕೋಣೆಯ ಯಂತ್ರಗಳ ಗೋಳು ಹೇಳುತ್ತಿತ್ತು, ಬಲಗಡೆಯದು ಉಗ್ರಾಣದ್ದು. ಎರಡೂ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ತಂತ್ರಾಂಶ. ಆದರೆ ಅವನ್ನು ಕಟ್ಟಿದ ಎರಡು ಗುಂಪುಗಳದು ಎಣ್ಣೆ ಸೀಗೆಕಾಯಿ ಸಂಬಂಧ. ಒಂದರ ದೂರು ಇನ್ನೊಂದರ ಪರದೆಗೆ ತಿಳಿಯುತ್ತಿರಲಿಲ್ಲ.

ಅಕ್ಕನ ತಂಗಿಗೆ ಹೆರಿಗೆ ದಿನ ಹತ್ತಿರವಾಗಿತ್ತು. ರಜೆ ಕೇಳಿದರೆ ಸಾಹೇಬರು, ಎರಡೂ ಪರದೆ ನೋಡಲು ಬರುವುದು ನಿನಗೊಬ್ಬಳಿಗೇ, ಅವು ಒಂದಾದ ದಿನ ಹೋಗು ಎಂದುಬಿಟ್ಟರು.

ಹಾಗಾಗಿ ಯಂತ್ರಗಳು ದೂರು ಕಳಿಸಲು ಎರಡೂ ಗುಂಪು ಒಂದೇ ಮಾದರಿಗೆ ಒಪ್ಪುತ್ತವಂತೆ ಎಂಬ ಸಭೆಗೆ ಅಕ್ಕ ಆಸೆಯಿಂದ ಹೋಗಿ ಕೂತಳು. ಎಡ ಪರದೆಯ ಗುಂಪಿಗೆ ಗಡ್ಡದವನು ಮುಖಂಡ, ಬಲ ಪರದೆಯದಕ್ಕೆ ಟೋಪಿಯವನು. ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ಕಳೆದುಹೋದ ಅಣ್ಣತಮ್ಮಂದಿರು ಕೊನೆಯ ರೀಲಿನಲ್ಲಿ ಸಿಕ್ಕ ಹಾಗೆ ಇಬ್ಬರೂ ತಬ್ಬಿಕೊಂಡರು, ಕಣ್ಣೊರೆಸಿಕೊಂಡರು. ಯಾರ ಮಾದರಿ ಉಳಿಯಬೇಕು ಎಂಬುದನ್ನು ಮಾತ್ರ ಮಾತಾಡಲಿಲ್ಲ. ಅಂಥ ಚಿಲ್ಲರೆ ವಿಷಯ ಯಾರಿಗೆ ಬೇಕು?

"ಯಾವಾಗ ಕಷ್ಟ ಬಂದ್ರೂ ಒಂದು ಫೋನ್ ಹಾಕಿ. ನಾವಿದೀವಿ," ಎಂದು ಟೋಪಿ ಎದೆ ತಟ್ಟಿಕೊಂಡ. ಗಡ್ಡ ಇಬ್ಬರ ನಂಬರನ್ನೂ ಗೋಡೆಯ ಮೇಲೆ ಇಷ್ಟು ದೊಡ್ಡದಾಗಿ ತೋರಿಸಿದ.

ಮನೆಗೆ ಹೋದ ಟೋಪಿ ದೊಡ್ಡತನ ಮೆರೆಯಲು, ತನ್ನ ತಂತ್ರಾಂಶ ಗಡ್ಡನ ಮಾದರಿಯಲ್ಲೇ ದೂರು ಕಳಿಸುವಂತೆ ತಿದ್ದಿದ. ಅದೇ ರೋಗ ಹತ್ತಿದ ಗಡ್ಡ ಟೋಪಿಯ ಮಾದರಿಗೆ ಬದಲಾದ. ತಾನೇ ಮೊದಲು ಘೋಷಿಸಬೇಕೆಂಬ ಚಪಲಕ್ಕೆ ಒಬ್ಬನೂ ಇನ್ನೊಬ್ಬನಿಗೆ ಬಾಯಿಬಿಡಲಿಲ್ಲ. ಪರದೆಗಳನ್ನು ತಿದ್ದುವುದು ಇಬ್ಬರಿಗೂ ನೆನಪಾಗಲಿಲ್ಲ; ಅವು ತಂತಮ್ಮ ಹಳೆಯ ಮಾದರಿಯನ್ನೇ ಓದುತ್ತ ಕೂತವು. ತ್ಯಾಗಮೂರ್ತಿಗಳು!

ಹೊಸ ಆವೃತ್ತಿ ಹಾಕಿದ ಬೆಳಿಗ್ಗೆ ಅಕ್ಕ ನೋಡುತ್ತಾಳೆ, ಎಡ ಪರದೆಯಲ್ಲಿ ಉಗ್ರಾಣ, ಬಲ ಪರದೆಯಲ್ಲಿ ಓದುವ ಕೋಣೆ. ಇಷ್ಟೆಲ್ಲ ಅಪ್ಪುಗೆ, ಕಣ್ಣೀರು, ಚಪ್ಪಾಳೆಯ ಫಲವಾಗಿ ಅವಳು ಪರದೆಗಳ ಮೇಲಿನ ಹೆಸರಿನ ಚೀಟಿ ಕಿತ್ತು ಅದಲು ಬದಲು ಅಂಟಿಸಬೇಕಾಯಿತು.

"ಇನ್ನೂ ಎರಡೇ ಇದೆಯಲ್ಲಮ್ಮ," ಎಂದರು ಸಾಹೇಬರು.

"ನೋಡ್ಕೊಳೋಕೆ ಇಬ್ಬರು ಹೀರೋಗಳು ಸಿಕ್ಕಿದಾರೆ ಸಾರ್."

ಎಡ ಪರದೆಯ ದೂರುಗಳೆಲ್ಲ ಗಡ್ಡನ ಫೋನಿಗೆ, ಬಲ ಪರದೆಯವು ಟೋಪಿಯ ಫೋನಿಗೆ ಹೋಗುವಂತೆ ಅವಳು ಹೊಂದಿಸಿಟ್ಟಳು. ತುಂಬಿದ ಸಭೆಯಲ್ಲಿ ಮಾತು ಕೊಟ್ಟವರು, ಇಲ್ಲ ಅನ್ನಲಾದೀತೇ? ಸಾಹೇಬರು ರಜೆಗೆ ಸಹಿ ಹಾಕಿದರು.

ಆಸ್ಪತ್ರೆಯಲ್ಲಿ ತಂಗಿ ಮಗುವನ್ನು ಅಕ್ಕನ ಕೈಗೆ ಕೊಡುವ ಹೊತ್ತಿಗೆ ಸರಿಯಾಗಿ ಗಡ್ಡನ ಫೋನು ಬಂತು. "ಅಕ್ಕಾ, ನನಗೆ ಬರ್ತಿರೋದೆಲ್ಲ ಆ ಟೋಪಿ ಮಷೀನ್‌ಗಳ ಗೋಳು. ನಾನೇನ್ ಮಾಡ್ಲಿ?"

"ಅವತ್ತು ತಬ್ಕೊಂಡ್ರಲ್ಲಪ್ಪಾ," ಎಂದಳು ಅಕ್ಕ. "ಇವತ್ತು ಮಾತಾಡಿ."

ಫೋನು ಆರಿಸಿ ಅವಳು ಎರಡೂ ಕೈ ಚಾಚಿದಳು.