ಐದನೇ ಮಹಡಿಯ ಹದಿನೈದು ನಿಮಿಷ

ಸಕ್ಕರೆ ಕಾಯಿಲೆ ಬಂದ ಮಕ್ಕಳ ಅಪ್ಪ ಅಮ್ಮಂದಿರಿಗೆ ಇನ್ಸುಲಿನ್ ಚುಚ್ಚುವುದು ಹೇಗೆಂದು ಕಲಿಸುವುದು ನನ್ನ ಕೆಲಸ. ಅಬುಧಾಬಿಯ ಒಂದೇ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ಸೂಜಿ ನೋಡಿ ತಲೆತಿರುಗಿ ಬಿದ್ದ ಆರಡಿಯ ಅಪ್ಪಂದಿರನ್ನು ಎತ್ತಿ ಕೂರಿಸಿದ್ದೇನೆ. ಮೊಮ್ಮಗಳ ದಿಂಬಿನಡಿ ಲಡ್ಡು ಬಚ್ಚಿಟ್ಟ ಅಜ್ಜಿಯನ್ನು ವಾರ್ಡಿನಲ್ಲೇ ಹಿಡಿದು ಗದರಿಸಿದ್ದೇನೆ. ಜೋಸ್ಫಿನ್ ಸಿಸ್ಟರಿಗೆ ಬಹಳ ಜಂಬ ಎಂದು ಹಿಂದಿನಿಂದ ಹೇಳುವವರಿದ್ದಾರೆ. ಹೇಳಲಿ. ಜಂಬ ಇದೆ, ಪುಕ್ಕಟೆ ಬಂದದ್ದಲ್ಲ.

ನಾನು ಮತ್ತು ನನ್ನ ಗಂಡ ಪಾಯ್ಸ್ ಇರುವುದು ಖಾಲಿದಿಯಾದ ಏಳು ಮಹಡಿಯ ಹಳೆಯ ಬಿಲ್ಡಿಂಗಿನಲ್ಲಿ, ಒಂದನೇ ಮಹಡಿಯಲ್ಲಿ. ಅಕ್ಟೋಬರ್ ತಿಂಗಳ ಕೊನೆಯ ಸಂಜೆ, ಹ್ಯಾಲೊವೀನ್ ಎಂದು, ಬಿಲ್ಡಿಂಗಿನ ಮಕ್ಕಳೆಲ್ಲ ದೆವ್ವ, ಪಿಶಾಚಿ, ಕಡಲ್ಗಳ್ಳರ ವೇಷ ಹಾಕಿಕೊಂಡು ಮನೆಮನೆಯ ಬೆಲ್ ಒತ್ತಿ ಮಿಠಾಯಿ ಕೇಳುತ್ತಾರೆ. ಫಿಲಿಪೀನಿ, ಲೆಬನಾನಿ, ಮಲಯಾಳಿ, ನಮ್ಮೂರಿನವು, ಎಲ್ಲ ಸೇರಿ. ಕೊಡುವ ಮನಸ್ಸಿರುವವರು ಬಾಗಿಲಿಗೆ ಕುಂಬಳಕಾಯಿಯ ಸ್ಟಿಕರ್ ಅಂಟಿಸಬೇಕು, ಸ್ಟಿಕರ್ ಇಲ್ಲದ ಬಾಗಿಲನ್ನು ಮಕ್ಕಳು ಮುಟ್ಟಕೂಡದು. ಬಿಲ್ಡಿಂಗಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಆದ ತೀರ್ಮಾನ ಅದು. ಮಾಡಿಸಿದವಳು ನಾನೇ.

ಆ ಅಕ್ಟೋಬರಿನ ಮೊದಲ ವಾರ ಮೂರನೇ ಮಹಡಿಯ ಹಸ್ನಾ ನನ್ನ ಮನೆಗೆ ಬಂದಳು. ಒಂಬತ್ತು ವರ್ಷದ ಹುಡುಗಿ. ಎರಡು ವರ್ಷದ ಹಿಂದೆ ಅವಳಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಅವಳ ಉಮ್ಮ ನಸೀಮಳ ಕೈಗೆ ಮೊದಲ ಸೂಜಿ ಕೊಟ್ಟವಳು ನಾನು. ಅಂದಿನಿಂದ ನಸೀಮ ಮಗಳನ್ನು ಒಬ್ಬಳನ್ನೇ ಎಲ್ಲಿಗೂ ಬಿಟ್ಟವಳಲ್ಲ. ಅವತ್ತು ಉಮ್ಮ ನಮಾಜಿಗೆ ನಿಂತ ಹೊತ್ತು ನೋಡಿ ಹುಡುಗಿ ಎರಡು ಮಹಡಿ ಇಳಿದು ಓಡಿ ಬಂದಿದ್ದಳು.

"ಆಂಟಿ, ಈ ಸಲ ಹ್ಯಾಲೊವೀನಿಗೆ ನಾನು ಉಮ್ಮ ಇಲ್ಲದೆ ಹೋಗ್ಬೇಕು. ವಿದೌಟ್ ಉಮ್ಮ. ನೀವು ಹೇಳಿದ್ರೆ ಮಾತ್ರ ಕೇಳ್ತಾರೆ."

"ಯಾಕೆ? ಕಳೆದ ವರ್ಷ ಉಮ್ಮನ ಜೊತೆ ಹೋಗಿದ್ದಿಯಲ್ಲ?"

"ಹೋಗಿದ್ದೆ. ಏಳು ಪೆನ್ಸಿಲ್, ಒಂದು ಸ್ಕೇಲ್ ಸಿಕ್ತು."

ನನಗೆ ನಗು ಬಂತು, ಅವಳ ಮುಖ ನೋಡಿ ಅಲ್ಲೇ ನುಂಗಿಕೊಂಡೆ. ಕಳೆದ ವರ್ಷ ನಸೀಮ ದೊಡ್ಡ ಬ್ಯಾಗು ನೇತುಹಾಕಿಕೊಂಡು ಮಕ್ಕಳ ಹಿಂದೆ ಬಾಗಿಲು ಬಾಗಿಲಿಗೆ ಹೋಗಿದ್ದಳು. "ಇವಳಿಗೆ ಸಿಹಿ ಬೇಡ, ಶುಗರ್ ಉಂಟು" ಎಂದು ಪ್ರತಿ ಮನೆಯಲ್ಲೂ ಹೇಳಿದ್ದಳು. ಪಾಪ, ಆ ಮನೆಯವರು ಒಳಗೆ ಹೋಗಿ ಸಿಕ್ಕಿದ್ದು ತಂದು ಕೊಟ್ಟಿದ್ದರು. ಉಳಿದ ಮಕ್ಕಳ ಚೀಲ ತುಂಬಿದಾಗ ಈ ಮಗುವಿನ ಚೀಲದಲ್ಲಿ ಸ್ಟೇಷನರಿ ಅಂಗಡಿ! ಸಿಟ್ಟು ನೆತ್ತಿಗೇರಿತು ನನಗೆ.

"ಹೋಗು ಮನೆಗೆ," ಎಂದೆ. "ಉಮ್ಮನ ಹತ್ರ ನಾನು ಮಾತಾಡ್ತೇನೆ. ಈ ಸಲ ನೀನು ಹೋಗ್ತಿ, ಒಬ್ಳೇ ಹೋಗ್ತಿ. ಜೋಸ್ಫಿನ್ ಆಂಟಿ ಹೇಳಿದ್ದು."

ಮಾತು ಕೊಟ್ಟದ್ದೇನೋ ಕೊಟ್ಟೆ. ನಸೀಮ ಉಳ್ಳಾಲದ ಬ್ಯಾರಿ, ನಾನು ಕಿನ್ನಿಗೋಳಿಯ ಕೊಂಕಣಿ. ನಮ್ಮಿಬ್ಬರ ನಡುವೆ ಕನ್ನಡ, ಸಿಟ್ಟು ಬಂದರೆ ತುಳು. ಆ ದಿನ ಎರಡೂ ಬಂದವು.

"ಆ ಹ್ಯಾಲೊವೀನ್ ನಮ್ದಾ ಸಿಸ್ಟರ್?" ಎಂದಳು ನಸೀಮ.

"ನಮ್ದೂ ಅಲ್ಲ ಮಾರಾಯ್ತಿ. ನಮ್ಮ ಪಾದ್ರಿಗಳಿಗೆ ಅದರ ಹೆಸರೆತ್ತಿದ್ರೆ ಆಗುದಿಲ್ಲ. ಮಕ್ಕಳಿಗೆ ಮಿಠಾಯಿ ಕೊಡ್ಲಿಕ್ಕೆ ಯಾರದ್ದಾದ್ರೆ ಎಂತ?"

ಅದು ಅವಳ ನಿಜವಾದ ಕಾರಣ ಅಲ್ಲವೆಂದು ನನಗೂ ಗೊತ್ತಿತ್ತು. ಅವಳೇ ಹೇಳಿದಳು. "ಒಂದು ಬೆಳಗ್ಗೆ ಶಾಲೆಗೆ ಎಬ್ಬಿಸ್ಲಿಕ್ಕೆ ಹೋದ್ರೆ ಏಳ್ಲೇ ಇಲ್ಲ. ಹೊಡೆದೆ ಸಿಸ್ಟರ್, ಕೆನ್ನೆಗೆ ಹೊಡೆದೆ, ಕಣ್ಣು ಬಿಡ್ಲಿಲ್ಲ. ಶುಗರ್ ಇಪ್ಪತ್ತೆಂಟಕ್ಕೆ ಇಳಿದಿತ್ತು. ನಿಮ್ಮ ಪೇಶಂಟುಗಳು ನೂರು ಜನ ಇರ್ಬಹುದು. ನನಗೆ ಇವಳೊಬ್ಳೇ."

ಆದರೆ ನನ್ನ ಹತ್ತಿರ ತಕ್ಕಡಿ ಇತ್ತು.

ಮಾರನೇ ದಿನದಿಂದ ಅಡುಗೆಮನೆಯ ಆ ಚಿಕ್ಕ ತಕ್ಕಡಿಯನ್ನು ಕಂಕುಳಲ್ಲಿಟ್ಟುಕೊಂಡು ಬಿಲ್ಡಿಂಗ್ ಸುತ್ತಿದೆ. ಹನ್ನೊಂದು ಮನೆಯವರು ಸ್ಟಿಕರ್ ಅಂಟಿಸುವವರಿದ್ದರು. ಹನ್ನೊಂದು ಮನೆಯಲ್ಲೂ ಏನು ಕೊಡುತ್ತೀರಿ, ತೋರಿಸಿ ಎಂದೆ. ತೂಗಿದೆ, ಲೆಕ್ಕ ಹಾಕಿದೆ, ಒಂದೊಂದು ಪ್ಯಾಕೆಟ್ಟಿನ ಮೇಲೂ ಅದರಲ್ಲಿ ಎಷ್ಟು ಗ್ರಾಂ ಸಕ್ಕರೆ ಎಂದು ಬರೆದು ಚೀಟಿ ಹಚ್ಚಿದೆ. ಏಳನೇ ಮಹಡಿಯ ಖೈರುನ್ನಿಸ ಮಾತ್ರ ಮೂಗು ಮುರಿದಳು. "ನನ್ನ ಕೈಯ ಕೊಬ್ಬರಿ ಮಿಠಾಯಿಗೆ ಚೀಟಿಯಾ? ಇದೆಂತ ಮೆಡಿಕಲ್ ಶಾಪಾ?" ನಾನು ಅವಳೆದುರೇ ಒಂದನ್ನು ತೂಗಿ, ಒಂದನ್ನು ತಿಂದು, ಬಹಳ ಚೆನ್ನಾಗಿದೆ ಎಂದು ಹೊಗಳಿ, ಚೀಟಿ ಹಚ್ಚಿಯೇ ಇಳಿದೆ.

ನಸೀಮಳ ಜೊತೆ ಆದ ಒಪ್ಪಂದ ಇಷ್ಟು: ಹಸ್ನಾ ಅಂದು ಮನೆಗೆ ತಂದದ್ದನ್ನು ನಸೀಮ ಚೀಟಿ ನೋಡಿ, ಅಷ್ಟಕ್ಕೆ ಬೇಕಾದ ಇನ್ಸುಲಿನ್ ಕೊಟ್ಟು, ಆಮೇಲೆ ತಿನ್ನಿಸುವುದು. ದಾರಿಯಲ್ಲಿ ತಿನ್ನುವಂತಿಲ್ಲ. ನಸೀಮ ನನ್ನ ಮನೆಯಲ್ಲೇ ಕೂತು ಫೋನಿನಲ್ಲಿ ಮಗಳ ಸಕ್ಕರೆಯ ನಂಬರ್ ನೋಡುತ್ತಿರಬಹುದು, ಹಿಂದೆ ಹೋಗುವಂತಿಲ್ಲ. ಇಷ್ಟಕ್ಕೆ ಒಪ್ಪಿದಳು. ಒಪ್ಪಿದಳು ಅನ್ನುವುದಕ್ಕಿಂತ ನನ್ನ ಬಾಯಿಗೆ ಹೆದರಿದಳು ಅನ್ನಬೇಕು.

ಹ್ಯಾಲೊವೀನ್ ಬಂದದ್ದು ಶುಕ್ರವಾರ. ಸಂಜೆಯ ಮಗ್ರಿಬ್ ನಮಾಜ್ ಮುಗಿದ ಮೇಲೆ ಮಕ್ಕಳ ಸೈನ್ಯ ಮೊದಲು ನನ್ನ ಬಾಗಿಲಿಗೇ ಬಂತು. ಆರು ಮಕ್ಕಳು, ಪಿಶಾಚಿಯ ಹಲ್ಲು ಕಚ್ಚಿಕೊಂಡ ಫ್ಲಾಯ್ಡ್ ಸೇರಿ. ಮುಂದೆ ಟಾರ್ಚ್ ಹಿಡಿದವಳು ರೀಮಾ, ಎರಡನೇ ಮಹಡಿಯವಳು, ಹನ್ನೊಂದು ವರ್ಷ, ನಾಯಕಿ. ಹಸ್ನಾ ರೋಬೋಟ್ ಆಗಿದ್ದಳು. ನೀರಿನ ಬಾಟಲಿಯ ರಟ್ಟಿನ ಪೆಟ್ಟಿಗೆಗೆ ಬೆಳ್ಳಿ ಕಾಗದ ಸುತ್ತಿ ತಲೆಯಿಂದ ಇಳಿಸಿಕೊಂಡಿದ್ದಳು. ಯಾವತ್ತೂ ಉದ್ದ ತೋಳಿನಡಿ ಅಡಗಿಸುತ್ತಿದ್ದ, ತೋಳಿಗೆ ಅಂಟಿಸಿದ, ಸಕ್ಕರೆ ಅಳೆದು ಫೋನಿಗೆ ಕಳಿಸುವ ಬಿಲ್ಲೆ ಅವತ್ತು ಎಲ್ಲರಿಗೂ ಕಾಣುತ್ತಿತ್ತು. ಅದರ ಸುತ್ತ ಕೆಂಪು ಮಿನುಗು ಬೇರೆ.

"ಇದು ನನ್ನ ಪವರ್ ಬಟನ್," ಎಂದಳು.

"ಹೌದಾ? ಹಾಗಾದ್ರೆ ರೋಬೋಟಿಗೂ ಒಂದು ಜೆಲ್ಲಿ ಪ್ಯಾಕೆಟ್," ಎಂದು ಎಲ್ಲರಿಗೂ ಕೊಟ್ಟ ಹಾಗೆ ಅವಳಿಗೂ ಕೊಟ್ಟೆ. ಚೀಲದೊಳಗೆ ಅದು ಬಿದ್ದ ಸದ್ದಿಗೆ ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು ನೀವು. ಸೈಬಾ ದೇವಾ, ಒಂದು ಪ್ಯಾಕೆಟ್ ಜೆಲ್ಲಿ!

ಮಕ್ಕಳು ಹೋದರು. ನಸೀಮ ಸೋಫಾದ ತುದಿಯಲ್ಲಿ ಫೋನ್ ಹಿಡಿದು ಕೂತಳು. ಪಾಯ್ಸ್ ಉಳಿದ ಜೆಲ್ಲಿಗಳನ್ನು ಒಂದೊಂದಾಗಿ ಖಾಲಿ ಮಾಡತೊಡಗಿದ.

"ನೂರ ಅರವತ್ತೆಂಟು," ಎಂದು ಓದಿದಳು ನಸೀಮ.

"ಚೆನ್ನಾಗುಂಟು. ಚಾ ಕುಡಿ," ಎಂದೆ.

ಐದು ನಿಮಿಷಕ್ಕೊಮ್ಮೆ ನಂಬರ್ ಬದಲಾಗುತ್ತಿತ್ತು. ನೂರ ನಲವತ್ತು. ನೂರ ಹದಿನೈದು. ಓಡಾಡುತ್ತಿದ್ದಾಳಲ್ಲ, ಇಳಿಯುತ್ತದೆ ಎಂದೆ. ಎಂಬತ್ತೆಂಟು ಎಂದಾಗ ನಾನು ಚಾದ ಲೋಟ ಕೆಳಗಿಟ್ಟೆ. ಇಷ್ಟು ಬೇಗ ಇಳಿಯಬಾರದು. ಅಷ್ಟರಲ್ಲಿ ನಸೀಮಳ ಗಂಡ ಶಮೀರ್ ಫೋನ್ ಮಾಡಿದ. ಅವನ ಅಂಗಡಿ ದುಬೈಯ ದೇರಾದಲ್ಲಿ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಮಗಳ ನಂಬರ್ ಅವನ ಫೋನಿನಲ್ಲೂ ಕಾಣುತ್ತದೆ. "ಅರವತ್ತಾರು ಉಂಟಲ್ಲ ನಸೀಮ, ಎಲ್ಲಿದ್ದಾಳೆ ಅವಳು?" ಎಂಬ ಕೂಗು ನನಗೂ ಕೇಳಿಸಿತು. ಮರುಕ್ಷಣ, ನಂಬರ್ ಎಪ್ಪತ್ತಕ್ಕಿಂತ ಇಳಿದರೆ ಕೂಗುವ ಫೋನಿನ ಅಲಾರಾಂ ಹೊಡೆದುಕೊಳ್ಳತೊಡಗಿತು.

ಈಗ ನಿಜ ಹೇಳುತ್ತೇನೆ. ಅಂಥ ಹೊತ್ತಿನಲ್ಲಿ ಗಾಬರಿಯಾಗಬೇಡಿ ಎಂದು ಇಪ್ಪತ್ತಾರು ವರ್ಷ ಊರಿಗೆಲ್ಲ ಪಾಠ ಹೇಳಿದ ನಾನೇ ಮೊದಲು ಎದ್ದು ಓಡಿದೆ. ಲಿಫ್ಟ್ ಕೆಟ್ಟಿತ್ತು. ಕೆಟ್ಟಿದೆ ಎಂದು ಬೆಳಗ್ಗೆಯೇ ಗ್ರೂಪಿನಲ್ಲಿ ಬಂದಿತ್ತು, ನಾನೇ ಓದಿದ್ದೆ. ಮಿಠಾಯಿಯ ಒಂದೊಂದು ಗ್ರಾಮನ್ನೂ ತೂಗಿದವಳಿಗೆ ಮಕ್ಕಳು ಹತ್ತುವ ಮೆಟ್ಟಿಲು ಲೆಕ್ಕಕ್ಕೆ ಬರಲಿಲ್ಲ! ಒಂದು ಕಾಲಿನ ಚಪ್ಪಲಿ ಎರಡನೇ ಮಹಡಿಯಲ್ಲಿ ಬಿತ್ತು. ಏದುಸಿರು ಬಿಡುತ್ತ ನನಗೆ ನಾನೇ ಬೈದುಕೊಂಡೆ, ಅದೂ ತುಳುವಿನಲ್ಲಿ.

ಐದನೇ ಮಹಡಿಯ ಮೆಟ್ಟಿಲ ಮೇಲೆ ಆರೂ ಮಕ್ಕಳು ಸಾಲಾಗಿ ಕೂತಿದ್ದವು. ನಡುವೆ ಹಸ್ನಾ. ರಟ್ಟಿನ ಪೆಟ್ಟಿಗೆ ತೆಗೆದು ಪಕ್ಕಕ್ಕಿಟ್ಟಿದ್ದಳು. ಮುಖ ಬಿಳಿಚಿತ್ತು, ಹಣೆಯಲ್ಲಿ ಬೆವರು. ಓಡುವಾಗ ಮೇಜಿನಿಂದ ಎತ್ತಿಕೊಂಡಿದ್ದ ಜ್ಯೂಸ್ ಡಬ್ಬಿಗೆ ನಾನು ಸ್ಟ್ರಾ ಚುಚ್ಚಿ ಅವಳ ಬಾಯಿಗೆ ಹಿಡಿದೆ.

ಅವಳು ಕೈಯಿಂದ ತಳ್ಳಿದಳು. "ನೋ ಆಂಟಿ. ಹದಿನೈದು ಗ್ರಾಂ ಸಕ್ಕರೆಯ ಜೆಲ್ಲಿ ತಿಂದೆ. ಈಗ ಹದಿನೈದು ನಿಮಿಷ ಕಾಯ್ಬೇಕು. ಆಮೇಲೆ ಟೆಸ್ಟ್. ನೀವೇ ಹೇಳಿದ್ದಲ್ವಾ?"

"ಫ್ಲಾಯ್ಡ್ ಚಾಕೊಲೇಟ್ ಕೊಟ್ಟ," ಎಂದಳು ರೀಮಾ, ತನ್ನ ವಾಚಿನಿಂದ ಕಣ್ಣು ತೆಗೆಯದೆ. "ಇವಳು ಬೇಡ ಅಂದ್ಳು. ಚಾಕೊಲೇಟ್ ಈಸ್ ಸ್ಲೋ, ಶುಗರ್ ಬೇಗ ಏರುದಿಲ್ಲ ಅಂತೆ. ಇನ್ನು ಒಂಬತ್ತು ನಿಮಿಷ ಉಂಟು. ಎಲ್ರೂ ಕೂತ್ಕೊಳ್ಳಿ ಅಂತ ಇವಳೇ ಆರ್ಡರ್ ಮಾಡಿದ್ದು."

ನಾನು ಅಲ್ಲೇ ಕೆಳಗಿನ ಮೆಟ್ಟಿಲಲ್ಲಿ ಕುಸಿದು ಕೂತೆ. ಎಂಥ ಹುಡುಗಿ! ನನ್ನ ಕಣ್ಣು ತುಂಬಿ ಬಂತು. ಸಂತೋಷಕ್ಕೇ ಬಂದದ್ದು, ನಾಚಿಕೆಯೂ ಸ್ವಲ್ಪ ಇತ್ತು. ಜ್ಯೂಸನ್ನು ನಾನೇ ಕುಡಿದೆ.

ಆಗ ನಸೀಮ ಹತ್ತಿ ಬಂದಳು. ಮಗಳನ್ನು ನೋಡಿದವಳೇ ಗೋಡೆ ಹಿಡಿದು ನಿಂತು ಅಳತೊಡಗಿದಳು. "ನಾನೇ ಮಾಡಿದ್ದು ಸಿಸ್ಟರ್. ಹೊರಡುವ ಮೊದ್ಲು ಎರಡು ಯೂನಿಟ್ ಇನ್ಸುಲಿನ್ ಕೊಟ್ಟೆ. ದಾರಿಯಲ್ಲಿ ಕದ್ದು ತಿಂದ್ರೆ ಶುಗರ್ ಏರ್ತದೆ ಅಂತ ಹೆದರಿ ಮೊದ್ಲೇ ಕೊಟ್ಟೆ. ಅವಳು ತಿನ್ಲೇ ಇಲ್ಲ."

ತಿನ್ನದ ಮಿಠಾಯಿಗೆ ಇನ್ಸುಲಿನ್! ಅದೂ ನನಗೆ ಒಂದು ಮಾತು ಹೇಳದೆ. ನನ್ನ ಬಾಯಿ ತೆರೆಯಿತು, ಬೈಗುಳ ನಾಲಿಗೆಯ ತುದಿಗೆ ಬಂದಿತ್ತು.

"ಆಂಟಿ, ಉಮ್ಮನಿಗೆ ಬೈಬೇಡಿ," ಎಂದಳು ಹಸ್ನಾ. "ಇನ್ನು ನಾಲ್ಕು ನಿಮಿಷ ಉಂಟು."

ಬಾಯಿ ಮುಚ್ಚಿದೆ. ಎಲ್ಲರೂ ಕಾದೆವು. ಫ್ಲಾಯ್ಡ್‌ನ ಪಿಶಾಚಿ ಹಲ್ಲು ಎರಡು ಸಲ ಉದುರಿತು, ಎರಡು ಸಲವೂ ಯಾರೂ ನಗಲಿಲ್ಲ. ರೀಮಾ "ಟೈಮ್" ಎಂದಳು. ಹಸ್ನಾ ಸೊಂಟದ ಚೀಲದಿಂದ ಸೂಜಿ ತೆಗೆದು, ಬೆರಳಿಗೆ ಚುಚ್ಚಿ, ಹನಿ ರಕ್ತವನ್ನು ಮೀಟರಿನ ಪಟ್ಟಿಗೆ ಮುಟ್ಟಿಸಿದಳು. ತೊಂಬತ್ತೆರಡು. ಮಕ್ಕಳೆಲ್ಲ ಹೋ ಎಂದು ಕೂಗಿದವು.

"ಆ ಎರಡು ಯೂನಿಟ್ ಇನ್ನೂ ಕೆಲಸ ಮಾಡ್ತಾ ಉಂಟು," ಎಂದೆ. "ಮೇಲಿಂದ ಏನಾದ್ರೂ ತಿನ್ಬೇಕು."

"ಈಗ ಚಾಕೊಲೇಟ್ ಆಗ್ತದಲ್ವಾ ಆಂಟಿ?"

"ಆಗ್ತದೆ."

ಫ್ಲಾಯ್ಡ್ ಕೊಟ್ಟ ಚಾಕೊಲೇಟನ್ನು ಅವಳು ಮೆಲ್ಲಗೆ, ಅಂಚಿನಿಂದ ಶುರುಮಾಡಿ ತಿಂದಳು. ತಿಂದು ಮುಗಿಸಿ ಪೆಟ್ಟಿಗೆ ಎತ್ತಿಕೊಂಡಳು. ನಸೀಮ ಆ ಪೆಟ್ಟಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಖಲಾಸ್. ಇವತ್ತಿಗೆ ಸಾಕು ಮಗ. ಮನೆಗೆ ಹೋಗುವ."

ಮಕ್ಕಳ ಗದ್ದಲ ನಿಂತುಹೋಯಿತು. ಮೇಲೆ ಇನ್ನೂ ಎರಡು ಮಹಡಿ, ನಾಲ್ಕು ಬಾಗಿಲು ಉಳಿದಿದ್ದವು. ಹಸ್ನಾ ನನ್ನ ಕಡೆ ನೋಡುತ್ತಾಳೆ ಎಂದುಕೊಂಡೆ. ನೋಡಲಿಲ್ಲ. ಅಷ್ಟು ಹೊತ್ತು ಅರ್ಧ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವಳು ಉಮ್ಮನ ಎದುರು ನಿಂತು ಬ್ಯಾರಿ ಭಾಷೆಯಲ್ಲಿ ಕೇಳಿದಳು. ಬ್ಯಾರಿ ನನಗೆ ಅಷ್ಟಕ್ಕಷ್ಟೇ, ಆದರೂ ಒಂದು ಪದ ತಪ್ಪದೆ ಅರ್ಥವಾಯಿತು.

"ನಾನು ತಪ್ಪು ಮಾಡಿದ್ರೆ ಕರ್ಕೊಂಡು ಹೋಗಿ ಉಮ್ಮ. ಎಲ್ಲ ಸರಿ ಮಾಡಿದ್ದೇನೆ. ಸರಿ ಮಾಡಿದ್ರೂ ಮನೆಗೇ ಹೋಗ್ಬೇಕಾ?"

ನಸೀಮಳ ತುಟಿ ಅಲುಗಿತು. ನನಗೆ ಹೇಳುವುದಕ್ಕೆ ನೂರು ಇತ್ತು, ಆದರೆ ಇದು ನನ್ನ ಪಾಠದ ಹೊತ್ತು ಅಲ್ಲ ಎಂಬಷ್ಟು ಬುದ್ಧಿ ನನಗೂ ಇದೆ. ನಸೀಮ ಪೆಟ್ಟಿಗೆಯನ್ನು ನೋಡಿದಳು, ಮಗಳನ್ನು ನೋಡಿದಳು. ಆಮೇಲೆ ಪೆಟ್ಟಿಗೆಯನ್ನು ಮಗಳ ತಲೆಯ ಮೇಲಿಂದ ತಾನೇ ಇಳಿಸಿ, ಕೈಗಳನ್ನು ತೂತಿನಿಂದ ಹೊರಗೆ ಎಳೆದಳು.

"ಮೆಲ್ಲ ಹತ್ತು. ಓಡ್ಬೇಡ," ಎಂದಳು.

"ಯಲ್ಲಾ!" ಎಂದು ರೀಮಾ ಟಾರ್ಚ್ ಎತ್ತಿದಳು. ಆರೂ ಮಕ್ಕಳು ಓಡಿಯೇ ಹತ್ತಿದವು, ನಮ್ಮ ರೋಬೋಟ್ ಎಲ್ಲರಿಗಿಂತ ಮುಂದೆ.

ನಸೀಮ ಎರಡು ವರ್ಷದ ಅಭ್ಯಾಸದಂತೆ ಅವರ ಹಿಂದೆ ಎರಡು ಮೆಟ್ಟಿಲು ಹತ್ತಿದಳು. ನಿಂತಳು. ಮೇಲಿನಿಂದ ಬೆಲ್ಲಿನ ಸದ್ದು ಕೇಳಿಸಿತು, ಬಾಗಿಲು ತೆರೆದದ್ದು, ಯಾರೋ ಅಯ್ಯೋ ದೆವ್ವ ಎಂದು ಹೆದರಿದ ನಾಟಕ ಮಾಡಿದ್ದು, ಮಕ್ಕಳ ನಗು. ಅವಳು ಇಳಿದು ಬಂದು ನನ್ನ ಪಕ್ಕ ಕೂತಳು. ಕೈಯಲ್ಲಿದ್ದ ಫೋನ್ ಮತ್ತೆ ಹೊಡೆದುಕೊಂಡಿತು. ದೇರಾದಿಂದ ಶಮೀರ್.

"ಎಲ್ಲಿದ್ದಾಳೆ?" ಎಂದ. ಅವನ ದನಿ ಒಡೆದಿತ್ತು.

"ಆರನೇ ಮಹಡಿಯಲ್ಲಿ. ನಾನು ಐದನೆಯದರಲ್ಲಿ."

"ನೀನು ಐದನೆಯದರಲ್ಲಿ ಎಂತ ಮಾಡ್ತಾ ಇದ್ದಿ? ಅವಳ ಜೊತೆ ಯಾರಿದ್ದಾರೆ?"

ನಸೀಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಫ್ರೆಂಡ್ಸ್ ಇದ್ದಾರೆ," ಎಂದಳು.